ಸೂಡಿಯ ತಾಮ್ರಪಟ ಮತ್ತು ಜಾಲತಾಣದ ಸಾಕ್ಷ್ಯ

ರೋಣ, ನರಗುಂದ, ಗಜೇಂದ್ರಗಡ ಪರಿಸರದಲ್ಲಿ ರಜೆಯ ದಿನ ಹಳೆಯ ಗುಡಿ, ಬಸದಿ, ವೀರಗಲ್ಲುಗಳನ್ನು ಹುಡುಕಿಕೊಂಡು ಹೊರಡುವವರು ಈಚೆಗೆ ಹೆಚ್ಚಾಗಿ ಕಾಣಸಿಗುತ್ತಾರೆ. ಅವರಲ್ಲಿ ಶಾಲಾ ಶಿಕ್ಷಕರಿದ್ದಾರೆ, ಬ್ಯಾಂಕಿನ ನೌಕರರಿದ್ದಾರೆ, ಸ್ನಾತಕೋತ್ತರ ವಿದ್ಯಾರ್ಥಿಗಳಿದ್ದಾರೆ. ಇದನ್ನು ಬರಿಯ ಹವ್ಯಾಸವೆಂದು ಹಗುರಾಗಿ ನೋಡುವ ಪಂಡಿತರೂ ಇದ್ದಾರೆ. ಆದರೆ ನಮ್ಮ ಶಾಸನಶಾಸ್ತ್ರದ ಅಡಿಗಲ್ಲುಗಳಲ್ಲಿ ಕೆಲವನ್ನು ಇಟ್ಟ ಜೆ.ಎಫ್. ಫ್ಲೀಟರು ವೃತ್ತಿಯಿಂದ ಮುಂಬಯಿ ಪ್ರಾಂತದ ಆಡಳಿತಾಧಿಕಾರಿ. ವೃತ್ತಿಜೀವನದ ಬಹುಕಾಲ ಶಾಸನಗಳು ಅವರ ಕಚೇರಿಯ ಕೆಲಸವಾಗಿರಲಿಲ್ಲ. ಆದುದರಿಂದ ಹವ್ಯಾಸಿಗಳ ಬಗೆಗೆ ನನಗೆ ತಕರಾರಿಲ್ಲ. ಅವರು ಗುಡಿಯ ಮುಂದೆ ನಿಂತು ಮೊಬೈಲಿನಲ್ಲಿ ಓದುವ ಜಾಲತಾಣಗಳ ಬಗೆಗೆ, ಅವುಗಳನ್ನು ನಂಬುವ ಬಗೆಯ ಬಗೆಗೆ ಮಾತ್ರ ಇಲ್ಲಿ ನನ್ನ ಆಕ್ಷೇಪ. ಅದನ್ನು ನನ್ನದೇ ತಪ್ಪಿನಿಂದ ಆರಂಭಿಸುವುದು ನ್ಯಾಯ.

ಕೆಲವು ವರ್ಷಗಳ ಹಿಂದೆ ಗಂಗರಾಣಿಯರ ಜಿನಾಲಯಗಳನ್ನು ಕುರಿತು ವಿಚಾರಸಂಕಿರಣವೊಂದಕ್ಕೆ ಪ್ರಬಂಧ ಸಿದ್ಧಪಡಿಸುತ್ತಿದ್ದೆ. ಗಂಗ ಬೂತುಗನ ರಾಣಿ ದೀವಳಾಂಬೆ ಸೂಡಿಯಲ್ಲಿ ಬಸದಿ ಕಟ್ಟಿಸಿದಳೆಂದೂ ಅದಕ್ಕೆ ಬೂತುಗನು ಶಕವರ್ಷ 860ರಲ್ಲಿ, ಎಂದರೆ ಕ್ರಿ.ಶ. 938ರಲ್ಲಿ, ಭೂದಾನ ಮಾಡಿದನೆಂದೂ ಒಂದು ಜಾಲತಾಣ ತಿಳಿಸಿತು. ಆಧಾರವಾಗಿ ಎಪಿಗ್ರಾಫಿಯ ಇಂಡಿಕದ ಮೂರನೆಯ ಸಂಪುಟವನ್ನು ಹೆಸರಿಸಿತ್ತು. ಸಂಪುಟದ ಹೆಸರಿರುವುದೇ ಪ್ರಾಮಾಣ್ಯದ ಮುದ್ರೆಯೆಂದು ಬಗೆದು, ನಾನು ಆ ಸಂಗತಿಯನ್ನು ಪ್ರಬಂಧಕ್ಕೆ ಇಳಿಸಿಕೊಂಡೆ. ಓದು ಮುಗಿದ ಮೇಲೆ ಹಿರಿಯರೊಬ್ಬರು ನನ್ನನ್ನು ಬದಿಗೆ ಕರೆದು, "ಆ ಲೇಖನದ ತಲೆಬರಹವನ್ನಾದರೂ ಓದಿದ್ದೀರಾ?" ಎಂದು ಕೇಳಿದರು. ಓದಿರಲಿಲ್ಲ. ಅಂದು ರಾತ್ರಿ ಸಂಪುಟದ ಸ್ಕ್ಯಾನ್ ಪ್ರತಿಯನ್ನು ತೆರೆದು ನೋಡಿದರೆ, ಸಂಪಾದಕರಾದ ಫ್ಲೀಟರು ಶೀರ್ಷಿಕೆಯಲ್ಲಿಯೇ ಇದನ್ನು ಕೂಟಶಾಸನವೆಂದು ಕರೆದಿದ್ದರು! ಜಾಲತಾಣ ಸುಳ್ಳು ಆಧಾರವನ್ನು ಕೊಟ್ಟಿರಲಿಲ್ಲ. ಆಧಾರದ ಒಂದೇ ಒಂದು ವಿಶೇಷಣವನ್ನು ಬಿಟ್ಟಿತ್ತು, ಅಷ್ಟೆ.

ಫ್ಲೀಟರ ತೀರ್ಪು ಅಂತಿಮವೆಂದು ನಾನು ಹೇಳುತ್ತಿಲ್ಲ. ಗಂಗರ ತಾಮ್ರಪಟಗಳ ವಿಷಯದಲ್ಲಿ ಅವರಿಗೂ ಬಿ.ಎಲ್. ರೈಸ್ ಅವರಿಗೂ ದೀರ್ಘಕಾಲ ವಾದ ನಡೆಯಿತು. ಫ್ಲೀಟರು ಸಂದೇಹಿಸಿದವನ್ನು ರೈಸರು ಸಮರ್ಥಿಸಿದರು. ನಮಗೆ ಮುಖ್ಯವಾದುದು ಅವರು ಕೇಳಿದ ಪ್ರಶ್ನೆಗಳು. ಈ ಅಕ್ಷರರೂಪ ಹೇಳಿಕೊಂಡ ಕಾಲದ್ದೇ? ತಿಥಿವಾರಗಳು ಗಣಿತಕ್ಕೆ ಕೂಡುತ್ತವೆಯೇ? ವಂಶಾವಳಿ ಅದೇ ಅರಸರ ಶಿಲಾಶಾಸನಗಳೊಡನೆ ಹೊಂದುತ್ತದೆಯೇ? ಈ ದಾನದಿಂದ ಲಾಭ ಯಾರಿಗೆ? ತಾಮ್ರಪಟ ಕೈಯಿಂದ ಕೈಗೆ ಸಾಗಬಲ್ಲದು, ಮನೆಯೊಳಗೆ ಗುಟ್ಟಾಗಿ ತಯಾರಾಗಬಲ್ಲದು. ಊರ ನಡುವೆ ನೆಟ್ಟ ಕಲ್ಲಿಗೆ ಆ ಸೌಕರ್ಯ ಕಡಿಮೆ. ಜಾಲತಾಣದ ಪುಟವಾದರೋ ತಾಮ್ರಪಟಕ್ಕಿಂತಲೂ ಹಗುರ. ನಿನ್ನೆ ಇದ್ದ ಸಾಲು ಇಂದು ಸದ್ದಿಲ್ಲದೆ ಬದಲಾಗಿರುತ್ತದೆ. ಹೀಗಿರುವಾಗ ತಾಮ್ರಪಟಕ್ಕೆ ಕೇಳಿದ ಪ್ರಶ್ನೆಗಳನ್ನು ಅದಕ್ಕೆ ಕೇಳದೆ ಬಿಡುವುದೇಕೆ?

ಇಲ್ಲಿ ಸಾಹಿತ್ಯದ ವಿದ್ಯಾರ್ಥಿಗಳಿಗೆ ಒಂದು ಅನುಕೂಲವಿದೆ. ಡಿ.ಎಲ್. ನರಸಿಂಹಾಚಾರ್ಯರ ಮತ್ತು ಎಂ.ಎಂ. ಕಲಬುರ್ಗಿಯವರ ಗ್ರಂಥಸಂಪಾದನ ಶಾಸ್ತ್ರವನ್ನು ಅವರು ಪರೀಕ್ಷೆಗಾದರೂ ಓದಿರುತ್ತಾರೆ. ಒಂದೇ ಮಾತೃಕೆಯಿಂದ ಇಳಿದ ಹತ್ತು ಓಲೆಪ್ರತಿಗಳು ಹತ್ತು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ. ಪ್ರತಿಗಳ ಸಂಬಂಧವನ್ನು ಅವು ಹಂಚಿಕೊಂಡ ತಪ್ಪುಗಳಿಂದ ಗುರುತಿಸಬೇಕು. ಪರೀಕ್ಷೆಯಲ್ಲಿ ಈ ಮಾತನ್ನು ಅಚ್ಚುಕಟ್ಟಾಗಿ ಬರೆದು ಅಂಕ ಪಡೆದ ವಿದ್ಯಾರ್ಥಿಯೇ ಮರುದಿನ, "ಸರ್, ಆರು ವೆಬ್‌ಸೈಟುಗಳಲ್ಲಿ ಹೀಗೇ ಇದೆ" ಎನ್ನುತ್ತಾನೆ. ಆರರಲ್ಲಿಯೂ ಅದೇ ವಾಕ್ಯ, ಅದೇ ಕಾಗುಣಿತದ ದೋಷ. ಅವು ಆರಲ್ಲ, ಒಂದು.

ಹಂಚಿಕೊಂಡ ತಪ್ಪಿಗೆ ಈ ನಾಡಿನಲ್ಲೇ ಸೊಗಸಾದ ನಿದರ್ಶನಗಳು ಸಿಗುತ್ತವೆ. ಸೂಡಿಯ ಸಮೀಪದಲ್ಲಿ ಭೀಮಾಂಬಿಕೆಯ ಇಟಗಿ ಇದೆ. ಕೊಪ್ಪಳ ಜಿಲ್ಲೆಯಲ್ಲಿ ಇನ್ನೊಂದು ಇಟಗಿ ಇದೆ. ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಪ್ರಖ್ಯಾತ ಮಹಾದೇವ ದೇವಾಲಯ ಇರುವುದು ಅಲ್ಲಿ. ಒಂದು ಪ್ರವಾಸಪುಟದ ಮಾತು ನಂಬಿ ಮಹಾದೇವಾಲಯವನ್ನು ಭೀಮಾಂಬಿಕೆಯ ಊರಿನಲ್ಲಿ ಹುಡುಕಿ ದಣಿದವರನ್ನು ನಾನು ಬಲ್ಲೆ. ನರೇಗಲ್ಲೂ ಎರಡು: ಒಂದು ರೋಣದ ಕಡೆಯದು, ಇನ್ನೊಂದು ಹಾವೇರಿ ಜಿಲ್ಲೆಯ ಹಾನಗಲ್ಲ ತಾಲೂಕಿನ ಸರ್ವೇಶ್ವರ ಗುಡಿಯ ಊರು. ಒಂದರ ಶಾಸನಕ್ಕೆ ಇನ್ನೊಂದರ ಚಿತ್ರ ಅಂಟಿಸಿದ ಪುಟವನ್ನು ಕಂಡರೆ, ಬರೆದವರು ಊರನ್ನು ನೋಡಿಲ್ಲ, ಸಂಪುಟವನ್ನೂ ನೋಡಿಲ್ಲವೆಂದು ಅಲ್ಲಿಗೆ ನಿರ್ಧರಿಸಬಹುದು.

ಎಲ್ಲ ವ್ಯತ್ಯಾಸವೂ ದೋಷವಲ್ಲ ಎಂಬುದನ್ನೂ ಹೇಳಬೇಕು. "ಧಾರವಾಡ ಜಿಲ್ಲೆಯ ರೋಣ ತಾಲೂಕು" ಎಂದು ಓದಿದೊಡನೆ ನಗಬೇಕಾಗಿಲ್ಲ. ಗದಗ ಜಿಲ್ಲೆ ಆದದ್ದು 1997ರಲ್ಲಿ. ಗಜೇಂದ್ರಗಡ ತಾಲೂಕು ಇನ್ನೂ ಈಚಿನದು. ಪುಟದಲ್ಲಿ ಧಾರವಾಡವೆಂದಿದ್ದರೆ ಅದರ ಮೂಲ 1997ಕ್ಕಿಂತ ಹಿಂದಿನ ಪುಸ್ತಕವಾಗಿರುವ ಸಂಭವವಿದೆ. ಲಿಪಿಯಿಂದ ಶಾಸನದ ಕಾಲವನ್ನು ಊಹಿಸುವಂತೆ ಜಿಲ್ಲೆಯ ಹೆಸರಿನಿಂದ ಪುಟದ ಮೂಲದ ಕಾಲವನ್ನು ಊಹಿಸಬಹುದು. ರೋಣವನ್ನು ದ್ರೋಣಾಚಾರ್ಯರೊಡನೆ ಬೆಸೆಯುವ ಐತಿಹ್ಯವೂ ಐತಿಹ್ಯವೆಂದೇ ಹೇಳಿದಾಗ ಬೆಲೆಯುಳ್ಳದ್ದು. ಅದನ್ನು ದೇವಾಲಯದ ನಿರ್ಮಾಣಕಾಲವಾಗಿ ಬರೆದ ಪುಟವನ್ನು ಮಾತ್ರ ಮುಚ್ಚಬೇಕು.

ನರಗುಂದದ್ದು ಇನ್ನೊಂದು ಬಗೆಯ ತೊಡಕು. 1858ರ ಮೇ ತಿಂಗಳ ಕೊನೆಯಲ್ಲಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನ ಹತ್ಯೆ, ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬ ಭಾಸ್ಕರರಾವ್ ಭಾವೆಯವರಿಗೆ ಗಲ್ಲು: ಇಷ್ಟು ಬ್ರಿಟಿಷ್ ದಾಖಲೆಗಳಿಂದ ನಮಗೆ ತಿಳಿಯುತ್ತದೆ. ಆ ದಾಖಲೆಗಳು ಘಟನೆಗೆ ಹತ್ತಿರದವು, ಜೊತೆಗೆ ಕೊಂದವರ ಪಕ್ಷದವು. 1884ರ ಧಾರವಾಡ ಗ್ಯಾಜೆಟಿಯರ್ ಈಗ ಅಂತರ್ಜಾಲದಲ್ಲಿ ಯಾರಿಗಾದರೂ ಸಿಗುತ್ತದೆ. ದಿನಾಂಕಕ್ಕೆ ಅದನ್ನು ನಂಬುತ್ತೇನೆ. ಬಂಡಾಯದ ಉದ್ದೇಶಕ್ಕೆ ನಂಬಲಾರೆ. ಸರ್ಕಾರಿ ತಾಣವೆಂದರೆ ವಿಶ್ವಾಸಾರ್ಹ, ಖಾಸಗಿಯದಾದರೆ ಸಂಶಯಾಸ್ಪದ ಎಂದು ಪಾಠ ಹೇಳುವವರು ಈ ಭೇದವನ್ನು ಮರೆಯುತ್ತಾರೆ. ಸಾಮೀಪ್ಯ ಬೇರೆ, ನಿಷ್ಪಕ್ಷಪಾತ ಬೇರೆ.

ಪಕ್ಷಪಾತವೆಂದಾಗ ನನ್ನದನ್ನೂ ಒಪ್ಪಿಕೊಳ್ಳಬೇಕು. ಸೂಡಿಯ ತಾಮ್ರಪಟವನ್ನು ನಾನು ಪರೀಕ್ಷಿಸದೆ ಸ್ವೀಕರಿಸಿದ್ದು ಸೋಮಾರಿತನದಿಂದಷ್ಟೇ ಅಲ್ಲ. ಅದು ನನಗೆ ಪ್ರಿಯವಾದುದನ್ನು ಹೇಳುತ್ತಿತ್ತು. ಗಂಗರಾಣಿ, ಜಿನಾಲಯ, ಹತ್ತನೆಯ ಶತಮಾನ: ಜೈನ ಇತಿಹಾಸವನ್ನು ಬರೆಯುವವನಿಗೆ ಇದಕ್ಕಿಂತ ಸಿಹಿಯಾದ ಸುದ್ದಿ ಯಾವುದು? ಅದೇ ತಾಣ ಬಸದಿಯೊಂದನ್ನು ಬಸದಿಯಲ್ಲವೆಂದು ಬರೆದಿದ್ದರೆ ಆ ರಾತ್ರಿಯೇ ಸಂಪುಟಗಳನ್ನು ಜಾಲಾಡುತ್ತಿದ್ದೆ. ನಮ್ಮವರ ಬರವಣಿಗೆಯಲ್ಲಿ ಈ ರೋಗ ಸಾಕಷ್ಟಿದೆ. ಊರಿನವರಿಗೆ ಊರಿನ ಮೇಲೆ, ಮನೆತನದವರಿಗೆ ಮನೆತನದ ಮೇಲೆ ಇರುವ ಮಮತೆಯೂ ಇದೇ ಜಾತಿಯದು.

ವಿಷಾದವೆಂದರೆ ನನಗೆ ಆ ಕೂಟಶಾಸನದ ಅಗತ್ಯವೇ ಇರಲಿಲ್ಲ. ನರೇಗಲ್ಲಿನ, ಎಂದರೆ ರೋಣದ ಕಡೆಯ ನರೇಗಲ್ಲಿನ, ಕ್ರಿ.ಶ. 950ರ ಶಿಲಾಶಾಸನದಲ್ಲಿ ಗಂಗ ಪೆರ್ಮಾಡಿ ಬೂತಯ್ಯನ ರಾಣಿ ಪದ್ಮಬ್ಬರಸಿ ಕಟ್ಟಿಸಿದ ಬಸದಿಯ ಉಲ್ಲೇಖವಿದೆ. ಅದು ಕಲ್ಲಿನ ಸಾಕ್ಷ್ಯ. ಸೂಡಿಯ ಬಗೆಗೂ ಅಷ್ಟೇ. ಅಕ್ಕಾದೇವಿ, ನಾಗದೇವ ಮೊದಲಾದವರನ್ನು ತಿಳಿಯಲು ಎಲ್.ಡಿ. ಬಾರ್ನೆಟ್ಟರು ಎಪಿಗ್ರಾಫಿಯ ಇಂಡಿಕದ 15ನೆಯ ಸಂಪುಟದಲ್ಲಿ ಸಂಪಾದಿಸಿದ ಶಿಲಾಶಾಸನಗಳೇ ಇವೆ. ಕಿಸುಕಾಡು ಎಪ್ಪತ್ತರ ಆಡಳಿತವನ್ನು ಅವುಗಳಿಂದ ಕಟ್ಟಿಕೊಳ್ಳಬಹುದು. ಈ ಸಂಪುಟಗಳೆಲ್ಲ ಸ್ಕ್ಯಾನ್ ಆಗಿ, ಬಿಟ್ಟಿಯಾಗಿ, ಆ ಜಾಲತಾಣದಷ್ಟೇ ಹತ್ತಿರದಲ್ಲಿವೆ. ಅಂತರ್ಜಾಲವನ್ನು ದೂರುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು: ಒಂದು ಕಾಲಕ್ಕೆ ಧಾರವಾಡದ ಗ್ರಂಥಾಲಯಕ್ಕೆ ಹೋಗಿ ಕಾಯಬೇಕಾಗಿದ್ದ ಸಂಪುಟವನ್ನು ಇಂದು ಸೂಡಿಯ ನಾಗಕುಂಡದ ಮೆಟ್ಟಿಲ ಮೇಲೆ ಕುಳಿತೇ ತೆರೆಯಬಹುದು.

ತಾಮ್ರಪಟವನ್ನು ಈಗಲೂ ಉಲ್ಲೇಖಿಸಬಹುದೇ ಎಂದು ವಿದ್ಯಾರ್ಥಿನಿಯೊಬ್ಬರು ಕೇಳಿದ್ದರು. ಧಾರಾಳವಾಗಿ ಉಲ್ಲೇಖಿಸಿರಿ, ಆದರೆ ಫ್ಲೀಟರ ಆ ವಿಶೇಷಣದೊಡನೆ ಎಂದೆ. ಅವರ ತೀರ್ಪನ್ನು ಒಪ್ಪಿದರೂ ಪ್ರಶ್ನೆಗಳು ಮುಗಿಯುವುದಿಲ್ಲ. ಸೂಡಿಯ ಜಿನಾಲಯದ ಭೂಮಿಗೆ ಇಂತಹ ಪತ್ರವೊಂದನ್ನು ಸೃಷ್ಟಿಸಿಕೊಳ್ಳುವ ಅಗತ್ಯ ಯಾರಿಗೆ, ಯಾವಾಗ ಬಂತು? ಮೂಲಪತ್ರ ಕಳೆದುಹೋಗಿತ್ತೇ, ಭೂಮಿ ಕೈತಪ್ಪುತ್ತಿತ್ತೇ? ಕ್ರಿ.ಶ. 938ಕ್ಕೆ ಸಾಕ್ಷಿ ಹೇಳಲಾರದ ತಾಮ್ರಪಟ ಅನಂತರದ ಆ ಕಾಲದ ಆತಂಕಕ್ಕೆ ಸಾಕ್ಷಿಯಾಗಬಲ್ಲದು. ಪ್ರಬಂಧ ಮಾಡಬೇಕಾದ ವಿಷಯ ಅದು.

ನನ್ನ ಪ್ರಬಂಧವನ್ನು ನಾನು ತಿದ್ದಿದೆ. ಸೂಡಿಯ ಪ್ಯಾರಾ ತೆಗೆದು ನರೇಗಲ್ಲನ್ನು ಅಲ್ಲಿಟ್ಟೆ. ಕಳೆದ ತಿಂಗಳು ಬೇರೇನನ್ನೋ ಹುಡುಕುತ್ತಿದ್ದಾಗ ಎರಡು ತಾಣಗಳಲ್ಲಿ ನನ್ನ ಹಳೆಯ ಪ್ಯಾರಾ ಅಕ್ಷರಶಃ ಕಾಣಿಸಿತು. ನನ್ನ ಹೆಸರಿರಲಿಲ್ಲ. ಆಧಾರ ಮಾತ್ರ ಹಾಗೆಯೇ ಇತ್ತು: ಎಪಿಗ್ರಾಫಿಯ ಇಂಡಿಕ, ಮೂರನೆಯ ಸಂಪುಟ.