ಬಳೆಗೆ ಮೊದಲು ಕಾಗದ

ದೂರವಾಣಿಯ ಗಂಟೆ ಮೊಳಗಿತೆಂದರೆ ನನ್ನ ಮಿತ್ರರೊಬ್ಬರ ಕೈಯಲ್ಲಿದ್ದ ಕಾಫಿ ತುಳುಕುತ್ತಿತ್ತು. ಹಳೆಯ ಕ್ರೆಡಿಟ್ ಕಾರ್ಡಿನ ಬಾಕಿ. ಬ್ಯಾಂಕಿನ ಪರವಾಗಿ ವಸೂಲಿಗೆ ನಿಂತಾತ ರಾತ್ರಿ ಒಂಬತ್ತಕ್ಕೂ ಕರೆಯುತ್ತಿದ್ದ. ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ಅನಂತರ ಹಾಗೆ ಕರೆಯಕೂಡದೆಂದು ರಿಸರ್ವ್ ಬ್ಯಾಂಕು 2022ರ ಆಗಸ್ಟಿನಲ್ಲೇ ವಿಧಿಸಿದ್ದುದು ಇವರಿಗೆ ತಿಳಿಯದು. ತಿಳಿದಿದ್ದರೂ ಹೇಳುವ ಧೈರ್ಯವೆಲ್ಲಿತ್ತು? ಸಾಲ ನಾಲಗೆಯನ್ನೂ ಒತ್ತೆಯಿಟ್ಟುಕೊಳ್ಳುತ್ತದೆ, ವಾಚಕರೇ!

ಒಂದು ದಿನ ಆತ, "ಅರ್ಧ ಕಟ್ಟಿ, ಉಳಿದದ್ದು ಮನ್ನಾ. ಇಂದೇ ನನ್ನ ಖಾತೆಗೆ ಕಳಿಸಿ" ಎಂದನಂತೆ. ಮಿತ್ರರು ಮಡದಿಯ ಬಳೆಗಳನ್ನು ಅಡವಿಡಲು ಹೊರಟೇಬಿಟ್ಟಿದ್ದರು. ತಡೆದವರು ಆಕೆಯೇ: "ಮೊದಲು ಬ್ಯಾಂಕಿನಿಂದ ಕಾಗದ ಬರಲಿ ಎನ್ನಿ, ಬಳೆ ಆಮೇಲೆ ಹೋಗಲಿ."

ವಾದ ವಿವಾದಗಳಾದ ಮೇಲೆ ಬ್ಯಾಂಕಿನ ಪತ್ರ ಬಂದಿತು. ಕಟ್ಟಬೇಕಾದ ಮೊತ್ತ, ಗಡುವು, ಅನಂತರ ಬೇರೆ ಬಾಕಿ ಉಳಿಯದೆಂಬ ಮಾತು ಎಲ್ಲವೂ ಅದರಲ್ಲಿದ್ದವು. ಹಣ ನೇರವಾಗಿ ಕಾರ್ಡಿನ ಲೆಕ್ಕಕ್ಕೇ ಹೋಯಿತು. ಆದರೂ ಸಿಬಿಲ್ ದಾಖಲೆಯಲ್ಲಿ ಆ ಸಾಲ 'ಕ್ಲೋಸ್ಡ್' ಎನ್ನಿಸದೆ 'ಸೆಟಲ್ಡ್' ಎಂದು ನಿಂತಿದೆ. ಮುಂದೆ ಸಾಲ ಕೊಡುವವರ ಹುಬ್ಬು ಗಂಟಿಕ್ಕಲು ಅಷ್ಟು ಸಾಕು. ಶಕ್ತಿಯಿದ್ದವರು ಪೂರ್ತಿ ಕಟ್ಟುವುದೇ ಲೇಸೆಂದು ನನ್ನ ಅಭಿಮತ. ಮಿತ್ರರಿಗೆ ಆ ಶಕ್ತಿಯಿರಲಿಲ್ಲ.

ಬಳೆಗಳಿನ್ನೂ ಅಡವಿನಲ್ಲಿವೆ. ಅವು ಇದ್ದ ಪೆಟ್ಟಿಗೆಯಲ್ಲಿ ಈಗ ಆ ಪತ್ರವಿದೆ.