ಗ್ರಾಮಸಭೆಯನ್ನು ಕಳೆದುಕೊಂಡ ಪಟ್ಟಣಗಳು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ಎಂಬ ಹೆಸರುಗಳು ರಾಜಧಾನಿಯ ಓದುಗರ ಕಣ್ಣಿಗೆ ಒಟ್ಟಾಗಿ ಬೀಳುವುದು ಹೆಚ್ಚಾಗಿ ಮಳೆಯ ವರದಿಯಲ್ಲಿ, ಇಲ್ಲವೇ ಚುನಾವಣಾ ಫಲಿತಾಂಶದ ಪಟ್ಟಿಯಲ್ಲಿ. ನಾಲ್ಕೂ ದಾವಣಗೆರೆ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. 1997ರಲ್ಲಿ ಚನ್ನಗಿರಿಯವರೇ ಆದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ ಈ ಜಿಲ್ಲೆ ರಚನೆಯಾಯಿತು. ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿ ಆಗಿನ್ನೂ ಹೊನ್ನಾಳಿ ತಾಲ್ಲೂಕಿನ ಹೋಬಳಿ ಕೇಂದ್ರವಷ್ಟೆ.

ಒಂದೇ ಜಿಲ್ಲೆಯಾದರೂ ಒಂದೇ ಸ್ವಭಾವದ ಊರುಗಳಲ್ಲ. ಚನ್ನಗಿರಿ ಅಡಿಕೆಯ ನಾಡು. ತಾಲ್ಲೂಕಿನಲ್ಲಿ ಶಾಂತಿಸಾಗರವೆಂದು ಹೆಸರು ಬದಲಿಸಿಕೊಂಡ ಸೂಳೆಕೆರೆಯಿದೆ. ಹೊನ್ನಾಳಿ ತುಂಗಭದ್ರೆಯ ದಂಡೆಯಲ್ಲಿದೆ. ನದಿ ಉಕ್ಕಿದ ವರ್ಷ ತಗ್ಗಿನ ಮನೆಗಳವರು ಪಾತ್ರೆಪಗಡೆ ಹೊತ್ತು ಕಾಳಜಿ ಕೇಂದ್ರಕ್ಕೆ ನಡೆಯಬೇಕಾಗುತ್ತದೆ. ಜಗಳೂರಿನದು ಬರದ ಕಥೆ. ಅದೇ ತುಂಗಭದ್ರೆಯ ನೀರನ್ನು ಮೇಲೆತ್ತಿ 57 ಕೆರೆಗಳಿಗೆ ತುಂಬಿಸುವ ಯೋಜನೆಗಾಗಿ ಆ ಸೀಮೆಯ ಜನ ವರ್ಷಗಟ್ಟಲೆ ಕಾದರು. ಕೆರೆ ತುಂಬಿಸುವುದು, ನದಿಗೆ ತಡೆಗೋಡೆ ಕಟ್ಟುವುದು ರಾಜ್ಯ ಸರ್ಕಾರದ ಕೆಲಸಗಳು. ಅವುಗಳಿಗಾಗಿ ಶಾಸಕರನ್ನು ಹಿಡಿಯಬೇಕು. ಆದರೆ ಬಂದ ನೀರು ಯಾವ ಓಣಿಯ ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ಬರಬೇಕು, ಚರಂಡಿ ಎಲ್ಲಿಗೆ ಮುಗಿಯಬೇಕು, ಸಂತೆಯ ಕಸವನ್ನು ಯಾರು ಎತ್ತಬೇಕು ಎಂಬುದು ಪುರಸಭೆಯ, ಪಟ್ಟಣ ಪಂಚಾಯಿತಿಯ ಪ್ರಶ್ನೆ. ನಾಗರಿಕನ ದಿನನಿತ್ಯದ ನೆಮ್ಮದಿ ನಿಂತಿರುವುದು ಈ ಎರಡನೆಯ ಬಗೆಯ ಪ್ರಶ್ನೆಗಳ ಮೇಲೆ. ನಮ್ಮ ಚರ್ಚೆಯೆಲ್ಲ ನಡೆಯುವುದು ಮೊದಲನೆಯದರ ಸುತ್ತ.

ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದಿತು. ನಗರ ಸಂಸ್ಥೆಗಳ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ನಡೆಯಬೇಕು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಸುಪ್ರೀಂ ಕೋರ್ಟ್ 2006ರಲ್ಲಿ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲೂ 2022ರಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲೂ ಇದನ್ನೇ ಒತ್ತಿ ಹೇಳಿತು. ವಾರ್ಡ್ ವಿಂಗಡಣೆ ಮುಗಿದಿಲ್ಲವೆಂಬುದು ಚುನಾವಣೆ ಮುಂದೂಡಲು ನೆಪವಾಗಬಾರದೆಂದಿತು.

ಆದರೆ ಕರ್ನಾಟಕದಲ್ಲಿ ಆದದ್ದೇನು? 2018ರ ಆಗಸ್ಟ್ 31ರಂದು ರಾಜ್ಯದ 105 ನಗರ ಸ್ಥಳೀಯ ಸಂಸ್ಥೆಗಳಿಗೆ ಮತದಾನ ನಡೆಯಿತು. ಜನ ಸಾಲಿನಲ್ಲಿ ನಿಂತು ಸದಸ್ಯರನ್ನು ಆರಿಸಿದರು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ಮಾತ್ರ ನ್ಯಾಯಾಲಯದ ಮೆಟ್ಟಿಲೇರಿ, ಆ ಹೊಸ ಸದಸ್ಯರು ಎರಡು ವರ್ಷ ಅಧಿಕಾರವಿಲ್ಲದೆ ಕುಳಿತರು. 2020ರ ಕೊನೆಗೆ ಅಧ್ಯಕ್ಷರೇನೋ ಬಂದರು. ಅವರ ಮೂವತ್ತು ತಿಂಗಳ ಅವಧಿ 2023ರಲ್ಲಿ ತೀರಿತು. ಎರಡನೆಯ ಅವಧಿಯ ಮೀಸಲಾತಿ ಪ್ರಕಟವಾದದ್ದು 2024ರ ಆಗಸ್ಟ್‌ನಲ್ಲಿ. ಈ ನಡುವಿನ ದಿನಗಳಲ್ಲೆಲ್ಲ ಆಡಳಿತಾಧಿಕಾರಿಯದೇ ಸಹಿ. ಮೀಸಲಾತಿಯನ್ನು ನಾನಿಲ್ಲಿ ದೂರುತ್ತಿಲ್ಲ. ಅದಿಲ್ಲದಿದ್ದರೆ ಎಷ್ಟೋ ಊರುಗಳಲ್ಲಿ ಮಹಿಳೆಯರೂ ದಲಿತರೂ ಆ ಕುರ್ಚಿಯ ಹತ್ತಿರ ಸುಳಿಯುವಂತಿರಲಿಲ್ಲ. ಆದರೆ ಮತದಾನಕ್ಕೆ ಮುನ್ನವೇ ಸಿದ್ಧವಾಗಿರಬೇಕಾದ ಪಟ್ಟಿಯನ್ನು ಫಲಿತಾಂಶ ನೋಡಿಕೊಂಡು ಹೊರಡಿಸುವ, ಸರ್ಕಾರ ಬದಲಾದರೆ ತಿದ್ದುವ ಚಾಳಿ ಮೀಸಲಾತಿಯ ಉದ್ದೇಶಕ್ಕೇ ಮಾಡುವ ಅಪಚಾರ. ಈ ರೋಗ ಪಟ್ಟಣಗಳಿಗಷ್ಟೇ ತಗುಲಿದ್ದಲ್ಲ: 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೂ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ನಜೀರ್ ಸಾಬರ ರಾಜ್ಯದಲ್ಲಿ!

ಆಡಳಿತಾಧಿಕಾರಿ ಬಂದರೆ ಕೆಲಸ ಚುರುಕಾಗುತ್ತದೆ, ಕಮಿಷನ್ ಕಾಟ ತಪ್ಪುತ್ತದೆ ಎನ್ನುವ ಸುಶಿಕ್ಷಿತರನ್ನು ನಾನು ಬಹಳ ಕಂಡಿದ್ದೇನೆ. ಅವರ ಬೇಸರ ಅರ್ಥವಾಗುತ್ತದೆ, ತರ್ಕ ಒಪ್ಪುವಂಥದ್ದಲ್ಲ. ಕಂದಾಯ, ಬೆಳೆಹಾನಿ, ಜಾತ್ರೆಯ ಬಂದೋಬಸ್ತು, ಸಚಿವರ ಪ್ರವಾಸ ಇಷ್ಟನ್ನೂ ಹೊತ್ತ ಅಧಿಕಾರಿಗೆ ಪುರಸಭೆ ಹೆಚ್ಚುವರಿ ಹೊಣೆ. ಮೋರಿ ಕಟ್ಟಿಕೊಂಡ ದಿನ ಬೆಳಿಗ್ಗೆ ಆರು ಗಂಟೆಗೆ ಅವರ ಮನೆಯ ಬಾಗಿಲು ತಟ್ಟಲು ಯಾರಿಗೂ ಧೈರ್ಯ ಬಾರದು. ವಾರ್ಡಿನ ಸದಸ್ಯನ ಬಾಗಿಲನ್ನು ತಟ್ಟಬಹುದು. ಸಾವಿರದ ಆಸುಪಾಸು ಜನರಿರುವ ವಾರ್ಡಿನಲ್ಲಿ ಹತ್ತಿಪ್ಪತ್ತು ಮತಗಳೇ ಗೆಲುವನ್ನು ನಿರ್ಧರಿಸಬಲ್ಲವು. ಆ ಭಯ ಸದಸ್ಯನಿಗಿರುತ್ತದೆ.

ಇನ್ನು ನ್ಯಾಮತಿಯ ವಿಷಯ. ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿ 2018ರಲ್ಲಿ ತಾಲ್ಲೂಕು ಕೇಂದ್ರವಾದ ಈ ಊರು ಮುಂದೆ ಗ್ರಾಮ ಪಂಚಾಯಿತಿಯಿಂದ ಪಟ್ಟಣ ಪಂಚಾಯಿತಿಯಾಯಿತು. ಇದನ್ನು ಎಲ್ಲರೂ ಮೇಲ್ದರ್ಜೆ ಎಂದೇ ಕರೆದರು. ಆದರೆ ನಿವಾಸಿಯ ಕಡೆಯಿಂದ ನೋಡಿದರೆ ಲೆಕ್ಕ ಬೇರೆ. ಗ್ರಾಮ ಪಂಚಾಯಿತಿಯಲ್ಲಿ ಅವನಿಗೆ ವಾರ್ಡ್ ಸಭೆಯಿತ್ತು, ಗ್ರಾಮಸಭೆಯಿತ್ತು. ಅವು ಎಷ್ಟೋ ಸಲ ಕಾಟಾಚಾರಕ್ಕೆ ನಡೆಯುತ್ತಿದ್ದವೆಂಬುದು ಸುಳ್ಳಲ್ಲ. ಆದರೂ ಮನೆಯ ಫಲಾನುಭವಿ ಯಾರು, ಲೆಕ್ಕವೇನಾಯಿತು ಎಂದು ಎದ್ದು ನಿಂತು ಕೇಳುವ ಕಾನೂನಿನ ಹಕ್ಕು ಅವನದಾಗಿತ್ತು. ಪಟ್ಟಣವಾದೊಡನೆ ಆ ಹಕ್ಕು ಹೋಯಿತು. ಸಂವಿಧಾನ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿರುವುದು ಮೂರು ಲಕ್ಷ ಜನಸಂಖ್ಯೆಯ ನಗರಗಳಿಗೆ ಮಾತ್ರ. ಪಟ್ಟಣದ ಆಶ್ರಯ ಮನೆಗಳ ಫಲಾನುಭವಿಯನ್ನು ಆರಿಸುವುದು ಶಾಸಕರ ಅಧ್ಯಕ್ಷತೆಯ ಸಮಿತಿ. ಗ್ರಾಮೀಣ ಉದ್ಯೋಗ ಖಾತರಿಯ ಕೂಲಿಯೂ ಇಲ್ಲವಾಯಿತು. ಉಳಿದದ್ದು ಹೆಚ್ಚಿದ ತೆರಿಗೆ ಮತ್ತು ಹೊಸ ನಾಮಫಲಕ. ಚನ್ನಗಿರಿ, ಹೊನ್ನಾಳಿ, ಜಗಳೂರಿನ ಜನರಿಗೂ ಇದೇ ಕೊರತೆ. ಅವರಿಗದು ಹಳೆಯದಾದ್ದರಿಂದ ಅರಿವಿಗೆ ಬಂದಿಲ್ಲ, ಅಷ್ಟೆ.

ಶಾಸಕರ ಪ್ರಸ್ತಾಪ ಬಂದದ್ದರಿಂದ ಇನ್ನೊಂದು ಮಾತು. ಶಾಸಕರಿಗೂ ಸಂಸದರಿಗೂ ಪುರಸಭೆಯಲ್ಲಿ ಸದಸ್ಯತ್ವವಿದೆ, ಅಧ್ಯಕ್ಷರ ಆಯ್ಕೆಯಲ್ಲಿ ಮತವೂ ಇದೆ. ಬಲಾಬಲ ಸಮಸಮವಿದ್ದ ಕಡೆ ಈ ಎರಡು ಮತಗಳೇ ಜನಾದೇಶವನ್ನು ತಿರುಗಿಸಬಲ್ಲವು. ಹೀಗಾಗಿ ವಾರ್ಡಿನ ಚುನಾವಣೆ ಚರಂಡಿಯ ಬಗೆಗಿನ ಚುನಾವಣೆಯಾಗಿ ಉಳಿಯದೆ ವಿಧಾನಸಭೆಯ ತಾಲೀಮಾಗುತ್ತದೆ.

ಈ ಪಟ್ಟಣಗಳ ಹೊಸ ಬಡಾವಣೆಗಳಿಗೆ ಇದರಿಂದಾಗುವ ನಷ್ಟ ದೊಡ್ಡದು. ಹೊಲವನ್ನು ಗುಂಟೆಯ ಲೆಕ್ಕದಲ್ಲಿ ಕತ್ತರಿಸಿ ಮಾರಿದ ಕಂದಾಯ ನಿವೇಶನಗಳಲ್ಲಿ ಸಾಲ ಮಾಡಿ ಮನೆ ಕಟ್ಟಿದವರು ಶಿಕ್ಷಕರು, ಗುಮಾಸ್ತರು, ಸಣ್ಣ ಅಂಗಡಿಯವರು. ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಇಂಥ ಆಸ್ತಿಗಳಿಗೆ ಬಿ-ಖಾತೆ ನೀಡುವ ಅಭಿಯಾನ ಆರಂಭಿಸಿತು. ಖಾತೆಯೊಂದಿಗೆ ತೆರಿಗೆಯ ಹೊಣೆ ಬರುತ್ತದೆ. ರಸ್ತೆ, ಮೋರಿ, ಉದ್ಯಾನಕ್ಕೆ ಬಿಡಬೇಕಿದ್ದ ಜಾಗ ಮಾತ್ರ ಮರಳಿ ಬಾರದು. ಆ ತೆರಿಗೆಯ ಹಣ ಯಾವ ಬಡಾವಣೆಗೆ ಮೊದಲು ಹೋಗಬೇಕೆಂದು ತೀರ್ಮಾನಿಸುವಾಗ ಕಟ್ಟಿದವನ ಮಾತಿಗೆ ಜಾಗವೇ ಇಲ್ಲದಿರುವುದು ನ್ಯಾಯವೆ?

ಕಾನೂನು ತಿದ್ದಲು ದೊಡ್ಡ ಕ್ರಾಂತಿ ಬೇಕಿಲ್ಲ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಗೆ, ಆರು ತಿಂಗಳಿಗೊಮ್ಮೆ ಪ್ರತಿ ವಾರ್ಡಿನಲ್ಲೂ ಮತದಾರರ ಸಭೆ ಕಡ್ಡಾಯವೆಂಬ ಒಂದು ಕಲಮು ಸಾಕು. ಹಳ್ಳಿಗೆ ಕೊಟ್ಟದ್ದನ್ನೇ ಪಟ್ಟಣಕ್ಕೂ ಕೊಡುವುದು. ಅದು ಬರುವತನಕ ಬಜೆಟ್ ಪೂರ್ವಭಾವಿ ಸಭೆಯೆಂಬ ಒಂದು ಸಂದು ತೆರೆದಿದೆ. ಅಲ್ಲಿಗೆ ಬರುವವರು ಬೆರಳೆಣಿಕೆಯ ಮಂದಿ, ಅವರಲ್ಲೂ ಗುತ್ತಿಗೆದಾರರೇ ಹಲವರು. ಆ ಸಭೆಯ ನೋಟಿಸನ್ನು ಕಚೇರಿಯ ಒಳಗೋಡೆಗೆ ಅಂಟಿಸಿ ಸುಮ್ಮನಾಗದೆ, ಬೆಳಿಗ್ಗೆ ಮನೆಮನೆಯ ಮುಂದೆ ಬರುವ ಕಸದ ಗಾಡಿಯ ಧ್ವನಿವರ್ಧಕದಲ್ಲಿ ಒಂದು ವಾರ ಕೂಗಿಸಲು ಮುಖ್ಯಾಧಿಕಾರಿಗಳಿಗೆ ಯಾವ ತಿದ್ದುಪಡಿಯೂ ಬೇಕಾಗಿಲ್ಲ.