ಭಾನುವಾರ ಡಾಕ್ಟ್ರ ಫೋನ್ ಯಾಕೆ ಸಿಗಲ್ಲ?

1/6

ಫೋಟೋದಲ್ಲಿ ಕಾಣ್ತಿರೋದು ನನ್ನ ಫೋನಿನ ಕಾಲ್ ಲಿಸ್ಟ್. ಹೆಸರು, ನಂಬರ್ ಎಲ್ಲ ಮುಚ್ಚಿದ್ದೀನಿ, ಟೈಮ್ ಮಾತ್ರ ನೋಡಿ. 10:22, 10:24, 10:31, 10:50, 11:15. ಒಂದೇ ಭಾನುವಾರ, ಒಂದೇ ಕ್ಲಿನಿಕ್ಕಿಗೆ ಐದು ಸಲ. ನಾಲ್ಕು ಸಲ ಯಾರೂ ಎತ್ತಲಿಲ್ಲ. ಐದನೇ ಸಲ ರಿಸೆಪ್ಷನ್ ಅಕ್ಕ ಎತ್ತಿ, "ಇವತ್ತು ಸಂಡೆ ಅಲ್ವಾ? ನಾಳೆ ಹನ್ನೊಂದರ ಮೇಲೆ ಮಾಡಿ" ಅಂದ್ರು. ಕಟ್.

ಹೊಸದಾಗಿ ಫಾಲೋ ಮಾಡ್ತಿರೋರಿಗೆ ಹೇಳ್ತೀನಿ. ನಾನು ಡಿ.ಫಾರ್ಮ್ ಮುಗಿಸಿ, ರಿಜಿಸ್ಟ್ರೇಷನ್ ಮಾಡಿಸ್ಕೊಂಡು, ಈಗ ದಾವಣಗೆರೆಯಲ್ಲಿ ಬಿ.ಫಾರ್ಮ್ ಓದ್ತಿದ್ದೀನಿ. ಭಾನುವಾರ ಒಂದು ಮೆಡಿಕಲ್ ಸ್ಟೋರ್‌ನಲ್ಲಿ ಫುಲ್ ಡೇ ಕೆಲಸ. ಕ್ಲಾಸ್‌ಮೇಟ್ಸ್ ಕೇಳ್ತಿರ್ತಾರೆ: "ಸಂಡೆ ಆರಾಮಾಗಿರುತ್ತಲ್ಲ ಮಗಾ, ಡಾಕ್ಟ್ರು ಇರಲ್ಲ, ರಶ್ ಇರಲ್ಲ." ರಶ್ ಇರಲ್ಲ, ನಿಜ. ಆದ್ರೆ ಡಾಕ್ಟ್ರು ಇರಲ್ಲ ಅನ್ನೋದೇ ಭಾನುವಾರದ ತಲೆನೋವು. ಈ ಸಲದ ಆರು ಪೋಸ್ಟ್ ಪೂರ್ತಿ ಅದರ ಬಗ್ಗೆ.

2/6

ಆ ಭಾನುವಾರ ಬಂದಿದ್ದು ಜಗಳೂರು ಕಡೆಯ ಒಬ್ಬ ಅಜ್ಜಿ, ಜೊತೆಗೆ ಮೊಮ್ಮಗ. ಬೆರಳಿನ ಗೆಣ್ಣುಗಳೆಲ್ಲ ಊದಿಕೊಂಡಿದ್ವು. ಬೆಂಗಳೂರಿಂದ ತಿಂಗಳಿಗೊಮ್ಮೆ ಶನಿವಾರ ಬರೋ ಕೀಲುವಾತದ ಸ್ಪೆಷಲಿಸ್ಟ್‌ಗೆ ಹಿಂದಿನ ಸಂಜೆ ತೋರಿಸಿದ್ರು. ರಾತ್ರಿ ಲೇಟಾಗಿ ನೆಂಟರ ಮನೆಯಲ್ಲಿ ಉಳಿದು, ಬೆಳಿಗ್ಗೆ ಊರಿಗೆ ಹೋಗೋ ಮುಂಚೆ ಔಷಧಿ ತಗೊಳ್ಳೋಕೆ ಬಂದಿದ್ರು.

ಚೀಟಿಯಲ್ಲಿ ನಾಲ್ಕು ಔಷಧಿ. ಮೂರು ಓಕೆ. ನಾಲ್ಕನೇದು ಮೆಥೋಟ್ರೆಕ್ಸೇಟ್ 7.5 ಮಿ.ಗ್ರಾಂ. ಪಕ್ಕದಲ್ಲಿ 1-0-0. ಕೆಳಗೆ 30 ಮಾತ್ರೆ.

ಫಾರ್ಮಕಾಲಜಿ ಪಾಸಾದವರು ಇಲ್ಲೇ ನಿಂತಿರ್ತೀರ. ಉಳಿದವರಿಗೆ ಹೇಳ್ತೀನಿ: ಕೀಲುವಾತಕ್ಕೆ ಈ ಮಾತ್ರೆ ಕೊಡೋದು ವಾರಕ್ಕೆ ಒಂದು ದಿನ ಮಾತ್ರ. ದಿನಕ್ಕೆ ಒಂದಲ್ಲ, ವಾರಕ್ಕೆ ಒಂದು ದಿನ. ದಿನಾ ನುಂಗಿದ್ರೆ ಬಾಯೆಲ್ಲ ಹುಣ್ಣಾಗುತ್ತೆ, ಮೂಳೆಯೊಳಗಿನ ಮಜ್ಜೆ ಕೆಲಸ ನಿಲ್ಲಿಸುತ್ತೆ, ರಕ್ತದ ಬಿಳಿ ಕಣ ಕುಸಿಯುತ್ತೆ, ಜೀವಾನೇ ಹೋಗಬಹುದು. ವಾರದ ಮಾತ್ರೆಯನ್ನ ದಿನಾ ನುಂಗಿ ಸತ್ತವರು ಬೇರೆ ಬೇರೆ ದೇಶಗಳಲ್ಲಿದ್ದಾರೆ. ಔಷಧಿ ತಪ್ಪುಗಳ ಪಾಠದಲ್ಲಿ ಮೊದಲು ಬರೋ ಉದಾಹರಣೆಗಳಲ್ಲಿ ಇದೂ ಒಂದು.

"ಅಜ್ಜಿ, ಈ ಗುಳಿಗೆ ಮೊದ್ಲು ತಗೊಂಡಿದ್ರಾ?"

"ಇಲ್ಲ ತಮ್ಮಾ, ಇದು ಹೊಸದು. ದಿನಾ ಬೆಳಿಗ್ಗೆ ಒಂದು ಅಂದ್ರು ಅಲ್ಲಿ ಚೀಟಿ ಕೊಡೋ ಹುಡುಗಿ."

ಡಾಕ್ಟ್ರು ವಾರಕ್ಕೆ ಅಂತಲೇ ಹೇಳಿರ್ತಾರೆ, ಬರೆದುಕೊಂಡ ಅಸಿಸ್ಟೆಂಟ್ ಅಭ್ಯಾಸಬಲದಿಂದ 1-0-0 ಹಾಕಿರ್ತಾರೆ ಅಂತ ನನಗೆ ತೊಂಬತ್ತೊಂಬತ್ತು ಪರ್ಸೆಂಟ್ ಅನ್ನಿಸ್ತು. ಹಾಗಂತ ಚೀಟಿಯನ್ನ ನಾನೇ ತಿದ್ದೋ ಹಾಗಿಲ್ಲ. ಅದಕ್ಕೇ ಆ ಐದು ಕಾಲ್.

3/6

ಈಗ ಸ್ವಲ್ಪ ರೂಲ್ಸ್. ಬೋರ್ ಅಂತ ಸ್ವೈಪ್ ಮಾಡ್ಬೇಡಿ, ಎಕ್ಸಾಮ್‌ಗೂ ಬರುತ್ತೆ.

ಫಾರ್ಮಸಿ ಪ್ರ್ಯಾಕ್ಟೀಸ್ ರೆಗ್ಯುಲೇಷನ್ಸ್ 2015 ಪ್ರಕಾರ, ಚೀಟಿಯಲ್ಲಿ ಏನಾದ್ರೂ ಬಿಟ್ಟುಹೋಗಿದ್ರೆ, ಡೋಸ್ ಜಾಸ್ತಿ ಅನ್ನಿಸಿದ್ರೆ, ಅದನ್ನ ಬರೆದವರಿಗೇ ವಾಪಸ್ ತೋರಿಸಿ ಸರಿ ಮಾಡಿಸ್ಕೋಬೇಕು. ಅದೂ ಡಾಕ್ಟ್ರ ಹೆಸರಿಗೆ ಧಕ್ಕೆ ಬರದ ಹಾಗೆ. ಇನ್ನು 1945ರ ಡ್ರಗ್ಸ್ ರೂಲ್ಸ್, ನಿಯಮ 65: ಷೆಡ್ಯೂಲ್ ಎಚ್ ಔಷಧಿಗೆ ಬದಲಾಗಿ ಬೇರೆ ಯಾವುದನ್ನೂ ಫಾರ್ಮಸಿಸ್ಟ್ ಕೊಡೋ ಹಾಗಿಲ್ಲ, ಒಳಗಿರೋ ಔಷಧಿ ಅದೇ ಆಗಿದ್ರೂ ಸಹ.

ಅಂದ್ರೆ ಕಾನೂನು ನಮಗೆ ಹೇಳ್ತಿರೋದು ಒಂದೇ ಮಾತು: ಡೌಟ್ ಬಂದ್ರೆ ಕೇಳು. ಯಾರನ್ನ? ಬರೆದವರನ್ನ. ಬರೆದವರು ಎಲ್ಲಿ? ಶನಿವಾರ ರಾತ್ರಿಯ ಬಸ್ಸಿನಲ್ಲೋ ಕಾರಿನಲ್ಲೋ ಬೆಂಗಳೂರಿಗೆ ಹೋಗಿದ್ದಾರೆ. ಲೆಟರ್‌ಹೆಡ್ ಮೇಲಿರೋ ನಂಬರ್ ಅಪಾಯಿಂಟ್‌ಮೆಂಟ್‌ಗೆ. ಅದು ರಿಸೆಪ್ಷನ್ ಟೇಬಲ್ ಡ್ರಾಯರ್‌ನಲ್ಲಿ ರಿಂಗ್ ಆಗ್ತಾ ಇರುತ್ತೆ.

ಶನಿವಾರ ಸಂಜೆ ಓಪಿಡಿ ಯಾವಾಗಲೂ ತುಂಬಿರುತ್ತೆ, ಕೆಲಸಕ್ಕೆ ಹೋಗೋರಿಗೆ ಅದೇ ಟೈಮ್ ಸಿಗೋದು. ಜನ ರಾತ್ರಿ ಮನೆಗೆ ಹೋಗ್ತಾರೆ, ಔಷಧಿ ತಗೊಳ್ಳೋದು ಭಾನುವಾರ ಬೆಳಿಗ್ಗೆ. ಅತಿ ಹೆಚ್ಚು ಅವಸರದಲ್ಲಿ ಬರೆದ ಚೀಟಿಗಳು ನಮ್ಮ ಕೈಗೆ ಬರೋದು ಬರೆದವರು ಸಿಗದ ದಿನ.

ಮೆಥೋಟ್ರೆಕ್ಸೇಟ್ ಒಂದೇ ಅಲ್ಲ. ಇನ್ಸುಲಿನ್ "10ಯು" ಅಂತ ಇಂಗ್ಲಿಷಿನಲ್ಲಿ ಬರೆದಿರ್ತಾರೆ, ಆ ಅಕ್ಷರ ಸೊನ್ನೆ ಥರ ಕಂಡು 100 ಆಗಿಬಿಡುತ್ತೆ. ಮಗುವಿಗೆ ಅಮಾಕ್ಸಿಸಿಲಿನ್ ಬರೆದಿರ್ತಾರೆ, ಕೌಂಟರ್‌ನಲ್ಲಿ ಅಮ್ಮ "ಹೋದ್ಸಲ ಇದನ್ನೇ ಕೊಟ್ಟಾಗ ಮೈಯೆಲ್ಲ ದದ್ದು ಬಂದಿತ್ತು" ಅಂತಾರೆ. ಇಂಥದ್ದನ್ನ ಸೋಮವಾರದವರೆಗೆ ತಡೆಯೋಕಾಗುತ್ತಾ? ಜ್ವರ ಇರೋ ಮಗು ಕಾಯುತ್ತಾ?

4/6

ಆ ದಿನ ನಾನು ಮಾಡಿದ್ದು ಇಷ್ಟು. ಮೂರು ಔಷಧಿ ಕೊಟ್ಟೆ. ನಾಲ್ಕನೇದು ಕೊಡಲಿಲ್ಲ. "ಒಂದು ವಿಷಯ ಡಾಕ್ಟ್ರನ್ನ ಕೇಳ್ಬೇಕು ಅಜ್ಜಿ, ನಾಳೆ ಫೋನ್ ಮಾಡ್ತೀನಿ" ಅಂತ ಮೊಮ್ಮಗನ ನಂಬರ್ ಬರ್ಕೊಂಡೆ. ಅಜ್ಜಿಗೆ ಬೇಜಾರಾಯ್ತು. "ಗುಳಿಗೆ ಇಲ್ಲಾಂದ್ರೆ ಇಲ್ಲ ಅನ್ನು ತಮ್ಮಾ. ಡಾಕ್ಟ್ರು ಬರ್ದಿದ್ದನ್ನ ನೀನ್ಯಾಕೆ ತಡೀತೀಯಾ?"

ಸೋಮವಾರ ಹನ್ನೊಂದಕ್ಕೆ ಮತ್ತೆ ಫೋನ್ ಮಾಡ್ದೆ. 11:40ಕ್ಕೆ ಡಾಕ್ಟ್ರೇ ಅವರ ಮೊಬೈಲಿಂದ ವಾಪಸ್ ಮಾಡಿದ್ರು. ಬೈತಾರೇನೋ ಅಂತ ಭಯ ಇತ್ತು. ಚೀಟಿ ಓದಿ ಹೇಳಿದ ತಕ್ಷಣ ಒಂದು ಕ್ಷಣ ಸುಮ್ಮನಾದ್ರು. "ವಾರಕ್ಕೆ ಒಂದು. ಬುಧವಾರ ಅಂತ ಹೇಳಿದ್ದೆ. ನೀವು ನಿನ್ನೇನೇ ನನಗೊಂದು ಮೆಸೇಜ್ ಹಾಕಬಹುದಿತ್ತಲ್ಲ?"

"ಹಾಕ್ತಿದ್ದೆ ಸಾರ್. ನಿಮ್ಮ ನಂಬರ್ ಎಲ್ಲಿದೆ?"

ಅವರ ಹತ್ರ ಉತ್ತರ ಇರಲಿಲ್ಲ.

ಆಮೇಲೆ ಮೊಮ್ಮಗನಿಗೆ ಫೋನ್ ಮಾಡ್ದೆ. ಅವನು ಹೇಳಿದ್ದು ಕೇಳಿ ಕೈ ತಣ್ಣಗಾಯ್ತು. "ಅದು ಬಸ್ ಸ್ಟ್ಯಾಂಡ್ ಹತ್ರ ಇನ್ನೊಂದು ಅಂಗಡೀಲಿ ಸಿಕ್ತಣ್ಣ. ನಿನ್ನೆ ಒಂದು, ಇವತ್ತು ಬೆಳಿಗ್ಗೆ ಒಂದು ತಗೊಂಡ್ರು."

ಎರಡು ಹೊಟ್ಟೆಗೆ ಹೋಗಿತ್ತು. ಇನ್ನೂ ಇಪ್ಪತ್ತೆಂಟು ಚೀಲದಲ್ಲಿತ್ತು.

ಡಾಕ್ಟ್ರಿಗೆ ಮತ್ತೆ ಫೋನ್ ಮಾಡ್ದೆ, ಈ ಸಲ ಮೊದಲನೇ ರಿಂಗಿಗೇ ಎತ್ತಿದ್ರು. ಮಾತ್ರೆ ನಿಲ್ಲಿಸಿ, ನಾಳೆಯೇ ರಕ್ತ ಪರೀಕ್ಷೆ ಮಾಡಿಸಿ, ನಾನು ಹೇಳೋವರೆಗೆ ಮುಟ್ಟಬೇಡಿ ಅಂದ್ರು. ರಿಪೋರ್ಟ್ ಚೆನ್ನಾಗೇ ಬಂತು. ಅಜ್ಜಿ ಈಗ ವಾರಕ್ಕೊಂದು ತಗೋತಾ ಇದ್ದಾರೆ, ಬುಧವಾರ.

ನನ್ನ ತಪ್ಪನ್ನೂ ಹೇಳ್ಬೇಕು. ಡಾಕ್ಟ್ರ ಮೇಲಿನ ನಂಬಿಕೆ ಹೋಗಬಾರದು ಅಂತ ಅಜ್ಜಿಗೆ ನಾನು ವಿಷಯ ಬಿಡಿಸಿ ಹೇಳಲಿಲ್ಲ. "ಎಲ್ಲಿ ತಗೊಂಡ್ರೂ ಡಾಕ್ಟ್ರನ್ನ ಕೇಳದೆ ಇದನ್ನ ದಿನಾ ನುಂಗಬೇಡಿ" ಅಂತ ಒಂದು ಕಾಗದದಲ್ಲಿ ಬರೆದು ಮೊಮ್ಮಗನ ಕೈಗೆ ಕೊಡಬೇಕಿತ್ತು. ಕೊಡಲಿಲ್ಲ. ಗುಟ್ಟು ಮಾಡಿದ್ದಕ್ಕೇ ಅವರಿಗೆ ಸ್ಟಾಕ್ ಇಲ್ಲ ಅನ್ನಿಸಿದ್ದು.

5/6

ಈ ಕಥೆ ಹೇಳಿದ್ರೆ ಕಾಮೆಂಟ್‌ನಲ್ಲಿ "ಡಾಕ್ಟ್ರಿಗೆ ದುರಹಂಕಾರ" ಅಂತ ಬರೋದು ಗ್ಯಾರಂಟಿ. ದಯವಿಟ್ಟು ಹಾಗೆ ಬರೀಬೇಡಿ. ಈ ಡಾಕ್ಟ್ರು ಒಳ್ಳೆಯವರು. ಆರು ದಿನ ದುಡಿದವರಿಗೆ ಭಾನುವಾರ ಮಕ್ಕಳ ಜೊತೆ ಊಟ ಮಾಡೋ ಹಕ್ಕಿದೆ. ಪರ್ಸನಲ್ ನಂಬರ್ ಪ್ರಿಂಟ್ ಹಾಕಿದ್ರೆ ರಾತ್ರಿ ಎರಡಕ್ಕೆ "ಸಾರ್, ಗ್ಯಾಸ್ಟ್ರಿಕ್" ಅಂತ ಕಾಲ್ ಬರುತ್ತೆ ಅನ್ನೋದೂ ನಿಜ.

ನಮ್ಮ ಕಡೆಯೂ ಗಲೀಜಿದೆ. 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಚೀಟಿ ನೋಡಿ ಔಷಧಿ ಕೊಡಬೇಕಾದವರು ರಿಜಿಸ್ಟರ್ಡ್ ಫಾರ್ಮಸಿಸ್ಟ್. ಆದ್ರೆ ಎಷ್ಟು ಅಂಗಡಿಗಳಲ್ಲಿ ಸರ್ಟಿಫಿಕೇಟ್ ಗೋಡೆ ಮೇಲಿರುತ್ತೆ, ಸರ್ಟಿಫಿಕೇಟಿನ ಮಾಲೀಕ ಇನ್ನೆಲ್ಲೋ ಇರ್ತಾನೆ! ನಮ್ಮ ಕ್ಲಾಸ್‌ನಲ್ಲೇ "ಪಾಸಾದ್ಮೇಲೆ ಸರ್ಟಿಫಿಕೇಟ್ ಬಾಡಿಗೆಗೆ ಕೊಡ್ತೀನಿ" ಅನ್ನೋರಿದ್ದಾರೆ. ಅಜ್ಜಿಗೆ 30 ಮಾತ್ರೆ ಒಂದೂ ಪ್ರಶ್ನೆ ಕೇಳದೆ ಕೊಟ್ಟ ಕೌಂಟರ್ ಹಿಂದೆ ಯಾರಿದ್ರೋ ನನಗೆ ಗೊತ್ತಿಲ್ಲ. ಆದ್ರೆ ಸರ್ಟಿಫಿಕೇಟ್ ಬಾಡಿಗೆಗೆ ಬಿಟ್ಟ ಕೌಂಟರ್‌ಗಳಲ್ಲಿ ಪ್ರಶ್ನೆ ಕೇಳೋರೇ ಇರಲ್ಲ. ಅಂಥ ಕಡೆಯಿಂದ ದಿನಕ್ಕೆ ಹತ್ತು ಸಲ "ಸಾರ್, ಆ ಕಂಪನಿ ಇಲ್ಲ, ಈ ಕಂಪನಿ ಕೊಡ್ಲಾ?" ಅಂತ ಫೋನ್ ಹೋದ್ರೆ ಡಾಕ್ಟ್ರು ಮೆಡಿಕಲ್ ಶಾಪ್ ನಂಬರ್ ನೋಡಿದ ತಕ್ಷಣ ಕಟ್ ಮಾಡ್ತಾರೆ. ಅಷ್ಟರಲ್ಲಿ ಒಂದು ಕಾಲ್ ನಿಜವಾಗಲೂ ಜೀವದ್ದಾಗಿರುತ್ತೆ.

ಆದ್ರೂ ಒಂದು ಮಾತಲ್ಲಿ ನಾನು ಹಿಂದೆ ಸರಿಯಲ್ಲ. ಚೀಟಿಗೆ ಸಹಿ ಹಾಕಿದ ತಕ್ಷಣ ಡಾಕ್ಟ್ರ ಕೆಲಸ ಮುಗಿಯಲ್ಲ. ಆ ಔಷಧಿ ಸರಿಯಾಗಿ ರೋಗಿಯ ಕೈ ಸೇರೋವರೆಗೆ, ಬರೆದವರನ್ನೋ ಅವರ ಪರವಾಗಿ ಉತ್ತರ ಕೊಡಬಲ್ಲ ಇನ್ನೊಬ್ಬ ಡಾಕ್ಟ್ರನ್ನೋ ತಲುಪೋಕೆ ಒಂದು ದಾರಿ ಇರಲೇಬೇಕು. ಯಾರೂ ರಜೆ ಬಿಟ್ಟುಕೊಡಬೇಕಾಗಿಲ್ಲ. ರಜೆಯ ದಿನಕ್ಕೊಂದು ವ್ಯವಸ್ಥೆ ಇದ್ರೆ ಸಾಕು.

6/6

ಆ ವ್ಯವಸ್ಥೆ ಕಷ್ಟದ್ದೇನಲ್ಲ.

ಒಂದು: ಲೆಟರ್‌ಹೆಡ್ ಮೇಲೆ ಇನ್ನೊಂದು ನಂಬರ್. "ಫಾರ್ಮಸಿಸ್ಟ್‌ಗಳಿಗೆ ಮಾತ್ರ, ವಾಟ್ಸಾಪ್ ಮೆಸೇಜ್ ಮಾತ್ರ" ಅಂತ. ಇನ್ನೂರು ರೂಪಾಯಿ ರೀಚಾರ್ಜ್ ಮಾಡಿದ ಸಿಮ್ ಸಾಕು. ದಿನಕ್ಕೆ ಎರಡು ಮೂರು ಸಲ ನೋಡಿದ್ರೂ ಸೋಮವಾರದವರೆಗೆ ಕಾಯೋದು ತಪ್ಪುತ್ತೆ. "ವಾಟ್ಸಾಪ್‌ನಲ್ಲಿ ಚೀಟಿ ಕಳಿಸೋ ಹಾಗಿಲ್ಲ" ಅನ್ನೋರಿಗೆ: 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ಫೋನಿನಲ್ಲಿ ರೋಗಿಯನ್ನ ನೋಡಿದ ಡಾಕ್ಟ್ರು ಸಹಿ ಮಾಡಿದ ಚೀಟಿಯ ಫೋಟೋವನ್ನ ಮೆಸೇಜ್‌ನಲ್ಲೇ ಕಳಿಸಬಹುದು. ನೇರವಾಗಿ ಅಂಗಡಿಗೆ ಕಳಿಸೋದಾದ್ರೆ ರೋಗಿಯ ಸ್ಪಷ್ಟ ಒಪ್ಪಿಗೆ ಬೇಕು, ಅಷ್ಟೇ. ಹೊಸ ಚೀಟಿಗೇ ಈ ದಾರಿ ಇರುವಾಗ ತಿದ್ದಿದ ಚೀಟಿಗೆ ಯಾಕಾಗಬಾರದು?

ಎರಡು: ಹೊರಗಿಂದ ಬರೋ ವಿಸಿಟಿಂಗ್ ಡಾಕ್ಟ್ರಿಗೆ ಜಾಗ ಕೊಡೋ ಕ್ಲಿನಿಕ್‌ಗಳು, ಅವರು ಹೋದಮೇಲೆ ಉತ್ತರ ಕೊಡಬಲ್ಲ ಒಬ್ಬ ಸ್ಥಳೀಯ ಡಾಕ್ಟ್ರ ಹೆಸರನ್ನ ಚೀಟಿ ಮೇಲೆ ಹಾಕಲಿ. ರೋಗಿಯ ಫೈಲ್ ಅವರ ಕೈಗೆ ಸಿಗೋ ಹಾಗಿರಲಿ.

ಮೂರು: ಫೋನೇ ಬೇಕಾಗದ ಹಾಗೆ ಬರೆಯೋದು. 2016ರಲ್ಲೇ ವೈದ್ಯರ ನಡತೆ ನಿಯಮಕ್ಕೆ ತಿದ್ದುಪಡಿ ಬಂದಿದೆ: ಜೆನೆರಿಕ್ ಹೆಸರು, ಓದೋಕೆ ಆಗೋ ಅಕ್ಷರ, ಸಾಧ್ಯವಾದ್ರೆ ದೊಡ್ಡಕ್ಷರ. ಅದರ ಜೊತೆಗೆ, ವಾರದ ಮಾತ್ರೆಗೆ ವಾರದ ಹೆಸರನ್ನೇ ಬರೀಲಿ. "ಬುಧವಾರ ಮಾತ್ರ" ಅನ್ನೋ ಎರಡು ಪದ ಆ ಚೀಟಿ ಮೇಲೆ ಇದ್ದಿದ್ರೆ ಈ ಪೋಸ್ಟೇ ಇರ್ತಿರಲಿಲ್ಲ.

ಇನ್ನು ನಾವು, ಅಂದ್ರೆ ನೀವು ನಾನು. ಅರ್ಜೆಂಟ್ ಯಾವುದು, ನಾಳೆಗೆ ಆಗೋದು ಯಾವುದು ಅಂತ ಬೇರೆ ಮಾಡೋಣ. ಕಂಪನಿ ಹೆಸರಿನ ಪ್ರಶ್ನೆಗಳಿಗೆ ಒಂದು ಮೆಸೇಜ್ ಸಾಕು, ಕಾಲ್ ಬೇಡ. ಕಾಲ್ ಮಾಡಿದ್ರೆ ಅರ್ಧ ನಿಮಿಷದಲ್ಲಿ ಮುಗಿಸೋಣ: ನಾನು ಯಾರು, ರೋಗಿ ಯಾರು, ಔಷಧಿ ಯಾವುದು, ನನ್ನ ಡೌಟ್ ಏನು. ಏನು ಉತ್ತರ ಬಂತು, ಎಷ್ಟು ಗಂಟೆಗೆ ಅಂತ ಬರೆದಿಡೋಣ. ಉತ್ತರ ಸಿಗದೇ ಔಷಧಿ ತಡೆದ್ರೆ ಯಾಕೆ ತಡೆದ್ವಿ ಅಂತ ರೋಗಿಗೆ ಕನ್ನಡದಲ್ಲಿ ಬರೆದೇ ಕೊಡೋಣ. ನಾನು ಇದನ್ನ ಕಲಿತಿದ್ದು ಲೇಟಾಗಿ, ನೀವು ಮೊದಲೇ ಕಲೀರಿ. ಸರ್ಟಿಫಿಕೇಟ್ ಮಾತ್ರ ಯಾವತ್ತೂ ಬಾಡಿಗೆಗೆ ಕೊಡಬೇಡಿ.

ಎಂಬಿಬಿಎಸ್ ಓದ್ತಿರೋ ಫ್ರೆಂಡ್ಸ್ ಸುಮಾರು ಜನ ಇದನ್ನ ಓದ್ತೀರ ಅಂತ ಗೊತ್ತು. ನಾಳೆ ನಿಮ್ಮ ಹೆಸರಿನ ಲೆಟರ್‌ಹೆಡ್ ಪ್ರಿಂಟ್ ಆಗುವಾಗ ಆ ಎರಡನೇ ನಂಬರ್‌ಗೆ ಒಂದು ಗೆರೆ ಜಾಗ ಬಿಡಿ. ಭಾನುವಾರ ಬೆಳಿಗ್ಗೆ ನಮ್ಮಿಂದ ಒಂದು ಮೆಸೇಜ್ ಬಂದ್ರೆ, ನಿಮ್ಮ ತಪ್ಪು ಹುಡುಕ್ತಿದ್ದೀವಿ ಅಂದ್ಕೋಬೇಡಿ. ನಿಮ್ಮ ರೋಗಿಯನ್ನ ನಿಮ್ಮ ಜೊತೆಗೆ ಇನ್ನೊಬ್ಬರೂ ನೋಡ್ತಿದ್ದಾರೆ ಅಂದ್ಕೊಳ್ಳಿ.

ಮನೆಯಲ್ಲಿ ಯಾರಾದ್ರೂ ವಾರಕ್ಕೊಂದು ಮಾತ್ರೆ ತಗೋತಿದ್ರೆ ಇವತ್ತೇ ಅವರ ಚೀಟಿ ತೆಗೆದು ನೋಡಿ, ದಿನದ ಹೆಸರು ಬರೆದಿದೆಯಾ ಅಂತ. ಇಲ್ಲದಿದ್ರೆ ಡಾಕ್ಟ್ರನ್ನ ಕೇಳಿ ಬರೆಸಿಕೊಳ್ಳಿ. ಭಾನುವಾರ ಬಿಟ್ಟು ಬೇರೆ ದಿನ ಫೋನ್ ಮಾಡಿ, ಸಿಗ್ತಾರೆ.

ನಿಮ್ಮ ಭಾನುವಾರದ ಕೌಂಟರ್ ಕಥೆ ಇದ್ರೆ ಕಾಮೆಂಟ್‌ನಲ್ಲಿ ಹಾಕಿ. ಡಾಕ್ಟ್ರ ಹೆಸರು, ಆಸ್ಪತ್ರೆ ಹೆಸರು ಬೇಡ.

#ಕೌಂಟರ್‌ಹಿಂದಿನಕಥೆ #ಫಾರ್ಮಸಿಸ್ಟ್ #ಭಾನುವಾರದಚೀಟಿ #ದಾವಣಗೆರೆ